ಒಂದೇ ರಕ್ತ, ಎರಡು ಹಿಂಡು

ನಾನು ನಿವೃತ್ತಳಾದ ದಿನ ನನ್ನ ಬಗ್ಗೆ ನಾಲ್ವರು ಮಾತಾಡಿದರು. ನಾಲ್ವರೂ ನನ್ನನ್ನು ಶಿಸ್ತಿನ ಸಿಪಾಯಿ ಎಂದರು. ಅವರಲ್ಲಿ ಇಬ್ಬರು ನನ್ನಿಂದ ಬೈಸಿಕೊಂಡವರು, ಒಬ್ಬರು ನನ್ನನ್ನು ಬೈದವರು. ನಾಲ್ಕನೆಯವರು ಆಸ್ಪತ್ರೆಯ ಹೊಸ ಟ್ರಸ್ಟಿ. ಮೈಕಿನ ಮುಂದೆ ನಿಂತ ಮೇಲೆ ಪಕ್ಕದವರ ಕಡೆ ಬಾಗಿ ನನ್ನ ಹೆಸರು ಕೇಳಿಕೊಂಡರು. ಶಾಲು ಚೆನ್ನಾಗಿತ್ತು. ಆದರೆ ಇಷ್ಟು ವರ್ಷ ನಾನು ಏನು ಮಾಡಿದೆ ಎಂಬುದು ಆ ಮಾತುಗಳಲ್ಲಿ ಎಲ್ಲೂ ಬರಲಿಲ್ಲ. ಈಗಷ್ಟೇ ಲ್ಯಾಬ್ ಕೋರ್ಸು ಮುಗಿಸಿ ಬಿಳಿ ಕೋಟು ಹೊಲಿಸಿಕೊಳ್ಳುತ್ತಿರುವ ಹುಡುಗ ಹುಡುಗಿಯರಿಗೆ ಉಪಯೋಗಕ್ಕೆ ಬಂದೀತು ಎಂದು ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಶ್ರೇಣಿ, ಸನ್ಮಾನ ಇವೆಲ್ಲ ಇದರಲ್ಲಿಲ್ಲ. ಅವು ಎಲ್ಲರಿಗೂ ಒಂದೇ ಥರ ಬರುತ್ತವೆ, ಓದುವುದಕ್ಕೆ ಬೇಜಾರು.

ನಮ್ಮಪ್ಪ ಮುನಿರಾಬಾದಿನ ಡ್ಯಾಮಿನಲ್ಲಿ ನೀರಿನ ಮಟ್ಟ ನೋಡಿ ಹೇಳುವ ಕೆಲಸದಲ್ಲಿದ್ದರು. ನಾನು ಕೊಪ್ಪಳದ ಒಂದು ಟ್ರಸ್ಟಿನ ಆಸ್ಪತ್ರೆಯಲ್ಲಿ ರಕ್ತದೊಳಗೆ ಏನಿದೆ ಎಂದು ಹೇಳುವ ಕೆಲಸಕ್ಕೆ ಸೇರಿದೆ. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಅಪ್ಪ ಹೊಳೆಯನ್ನು ಕಣ್ಣಾರೆ ನೋಡಿ ಹೇಳುತ್ತಿದ್ದರು. ನಾವು ಲ್ಯಾಬಿನವರು ರೋಗಿಯನ್ನು ನೋಡುವುದೇ ಅಪರೂಪ. ನಮಗೆ ಬರುವುದು ಒಂದು ಟ್ಯೂಬು, ಅದಕ್ಕೆ ಅಂಟಿಸಿದ ಒಂದು ಹೆಸರು. ಆ ಹೆಸರು ಆ ರಕ್ತದ್ದೇ ಎಂದು ನಂಬಿ ಕೆಲಸ ಶುರು ಮಾಡುತ್ತೇವೆ. ಈ ನಂಬಿಕೆಯ ಮೇಲೆಯೇ ನಮ್ಮ ಇಡೀ ವೃತ್ತಿ ನಿಂತಿದೆ ಎಂಬುದು ನನಗೆ ಕೊನೆಕೊನೆಗೆ ಅರ್ಥವಾಯಿತು.

ನನ್ನ ಮೊದಲ ಮೇಲಧಿಕಾರಿ ಡಾಕ್ಟರ್ ವಾಮನರಾಯರು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಒಂದು ಬೇಸಿಗೆಯಲ್ಲಿ ಯಾರದೋ ಬೀಳ್ಕೊಡುಗೆಗೆಂದು ತಂದ ಮಾವಿನ ಐಸ್‌ಕ್ರೀಮನ್ನು ನಮ್ಮವರೊಬ್ಬರು ಸೀರಂ, ಅಂದರೆ ರಕ್ತದಿಂದ ಬೇರ್ಪಡಿಸಿದ ತಿಳಿ, ಇಡುವ ಫ್ರೀಜರಿನಲ್ಲಿ ಇಟ್ಟುಬಿಟ್ಟಿದ್ದರು. ರಾಯರು ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಹೋಗಿ ಆಡಳಿತಾಧಿಕಾರಿಯ ಮೇಜಿನ ಮೇಲೆ ಇಟ್ಟು ಬಂದರು. ಅದು ಕರಗಿ ಕಡತಗಳ ಮೇಲೆ ಹರಿಯಿತು. ಆಡಳಿತಾಧಿಕಾರಿ ಸಿಟ್ಟಿನಿಂದ ಲ್ಯಾಬಿಗೆ ಬಂದು, “ಫ್ರೀಜರ್ ತುಂಬೇತಿ ಅಂದ್ರ ಮೊದಲ ಆ ಹಳೇ ಟ್ಯೂಬ್ ಒಗೀರಿ. ಸತ್ತವರ ರಕ್ತನೂ ಇಟಗೊಂಡು ಕುಂತೀರಿ” ಎಂದರು.

“ಅವೇನ್ ನಿಮ್ಮ ಮನಿ ಊಟ ಬೇಡ್ತಾವೇನ್ರಿ? ಇರ್ಲಿ ಬಿಡ್ರಿ. ಇವತ್ತ ನಮಗ ಕೇಳಾಕ ಬರಲಾರದ ಪ್ರಶ್ನಿ ನಾಳೆ ಯಾರರೆ ಕೇಳ್ತಾರ” ಎಂದರು ರಾಯರು.

ಆಗ ನನಗೆ ಇದು ಬರೀ ಹಟ ಅನಿಸಿತ್ತು. ಆದರೂ ರಾಯರು ಹೋದ ಮೇಲೆ ನಾನೂ ಅದೇ ಹಟ ಹಿಡಿದೆ. ರಕ್ತದಿಂದ ಹರಡಿ ಲಿವರ್ ಕೆಡಿಸುವ ಹೆಪಟೈಟಿಸ್ ಸಿ ವೈರಸ್ಸಿನ ರೋಗಿಗಳ ಚಿಕಿತ್ಸೆಗೆ ಮುಂಚಿನ ಸೀರಂ ಒಂದನ್ನೂ ನಾವು ಒಗೆಯಲಿಲ್ಲ. ಕರೆಂಟ್ ಹೋದಾಗಲೆಲ್ಲ ಜನರೇಟರಿನ ಹುಡುಕಾಟ, ಡೀಸೆಲ್ಲಿಗೆ ಜಗಳ, ಇದೆಲ್ಲ ಇದ್ದದ್ದೇ.

ನಾನು ಸೇರಿದಾಗ ಗಾಜಿನ ಸಿರಿಂಜು ಕುದಿಸುವ ಕಾಲ ಇನ್ನೂ ಪೂರ್ತಿ ಹೋಗಿರಲಿಲ್ಲ. ಮುಂದೆ ಬಳಸಿ ಬಿಸಾಡುವ ಸೂಜಿ ಬಂತು, ಬಣ್ಣ ಬದಲಾದರೆ ಸೋಂಕು ಎಂದು ಹೇಳುವ ತಟ್ಟೆ ಬಂತು, ಆಮೇಲೆ ವೈರಸ್ಸನ್ನೇ ಹುಡುಕಿ ಎಣಿಸುವ ಪಿಸಿಆರ್ ಯಂತ್ರ ಬಂತು. ಯಂತ್ರ ಕೊಪ್ಪಳದಲ್ಲಿತ್ತು, ರೋಗಿಗಳು ಕುಷ್ಟಗಿ, ಯಲಬುರ್ಗಾ, ಗಂಗಾವತಿ ಎಂದು ಚದುರಿದ್ದರು. ಅಲ್ಲಲ್ಲಿ ನಮ್ಮವೇ ಸಂಗ್ರಹ ಕೊಠಡಿ ಮಾಡಿಕೊಂಡೆವು. ಅಲ್ಲಿ ತೆಗೆದ ರಕ್ತ ಐಸ್ ತುಂಬಿದ ಪೆಟ್ಟಿಗೆಯಲ್ಲಿ ಬಸ್ಸು ಹತ್ತಿ ಬರುತ್ತಿತ್ತು.

ಒಮ್ಮೆ ಕುಷ್ಟಗಿಯ ಪೆಟ್ಟಿಗೆಯನ್ನು ಕೊಪ್ಪಳದಲ್ಲಿ ಇಳಿಸಿಕೊಳ್ಳುವುದು ತಪ್ಪಿ ಅದು ಗಂಗಾವತಿಗೆ ಹೋಯಿತು. ನಾನೇ ಹುಡುಕಿಕೊಂಡು ಹೋದೆ. ಬಸ್ ನಿಲ್ದಾಣದ ಹತ್ತಿರದ ಚಹಾ ಅಂಗಡಿಯವನು ಪೆಟ್ಟಿಗೆಯನ್ನು ಬಹಳ ಜೋಪಾನವಾಗಿ ತೆಗೆದಿಟ್ಟಿದ್ದ. “ಐಸ್ ಅಷ್ಟ ತಗೊಂಡೇನ್ರಿ ಮೇಡಂ, ಸೋಡಾ ಬಾಟ್ಲಿ ತಂಪಾಗ್ಲಿ ಅಂತ. ಒಳಗಿನ ಸಾಮಾನು ಮುಟ್ಟಿದ್ರ ಕೇಳ್ರಿ” ಎಂದ. ಒಳಗಿನ ಸಾಮಾನು ಆ ಬಿಸಿಲಿಗೆ ಕೆಟ್ಟು ಹೋಗಿತ್ತು. ಎಲ್ಲರನ್ನೂ ಮತ್ತೆ ಕರೆಸಿ ರಕ್ತ ತೆಗೆಯಬೇಕಾಯಿತು. ಕುಷ್ಟಗಿಯಲ್ಲಿ ಒಬ್ಬ ಮುದುಕಿ ತೋಳು ಚಾಚದೆ ನನ್ನನ್ನೇ ದಿಟ್ಟಿಸಿ, “ಹ್ವಾದ ವಾರದ್ದು ಏನ್ ಮಾಡಿದ್ರಿ, ಕುಡದ್ರೇನು?” ಎಂದು ಕೇಳಿದಳು.

ಓದಿದವರು ನಗುತ್ತಾರೆ. ನಮ್ಮ ಕಡೆಯ ಜನಕ್ಕೆ ರಕ್ತ ಕೊಡುವುದು ಹುಡುಗಾಟವಲ್ಲ. ಒಮ್ಮೆ ತೆಗೆದದ್ದು ಮತ್ತೆ ಊರುವುದಿಲ್ಲ, ಬಡಕಲು ಮೈಯಿಂದ ತೆಗೆದರೆ ಆಯುಷ್ಯವೇ ಕಡಿಮೆಯಾಗುತ್ತದೆ ಎಂದು ಗಟ್ಟಿಯಾಗಿ ನಂಬಿದವರಿದ್ದಾರೆ. ಒಂದು ಸಣ್ಣ ಟ್ಯೂಬು ತುಂಬುವುದನ್ನು ಮನೆಯವರೆಲ್ಲ ನಿಂತು ನೋಡುತ್ತಾರೆ, ಬಾವಿಯಿಂದ ಕೊನೆಯ ಕೊಡ ಸೇದುವುದನ್ನು ನೋಡಿದ ಹಾಗೆ. ಇದನ್ನು ಬದಲಿಸಲು ನಾವು ಗೋಡೆಗೆ ಚಿತ್ರ ಅಂಟಿಸಿದೆವು, ಭಾಷಣ ಮಾಡಿದೆವು. ಏನೂ ಬದಲಾಗಲಿಲ್ಲ.

ಇನ್ನೊಂದು ಎಡವಟ್ಟನ್ನೂ ಹೇಳಬೇಕು, ಏಕೆಂದರೆ ಮುಂದಿನದ್ದೆಲ್ಲ ಅದರಿಂದಲೇ ಹುಟ್ಟಿತು. ನಮ್ಮ ಆಸ್ಪತ್ರೆಯಲ್ಲಿ ಒಂದು ಡಯಾಲಿಸಿಸ್ ಕೋಣೆ ಇತ್ತು. ಮೂತ್ರಪಿಂಡ ಕೆಟ್ಟವರ ರಕ್ತವನ್ನು ಯಂತ್ರದಲ್ಲಿ ತೊಳೆದು ವಾಪಸ್ಸು ಮೈಗೆ ಬಿಡುವ ಕೋಣೆ. ಅಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು ಹೆಪಾರಿನ್ ಎಂಬ ಔಷಧ ಹಾಕುತ್ತಾರೆ. ಗಂಗಾವತಿಯ ಒಬ್ಬ ರೋಗಿಯ ವೈರಸ್ ಪರೀಕ್ಷೆಗೆ ಯಾರೋ ಯಂತ್ರದ ನಳಿಕೆಯಿಂದಲೇ ರಕ್ತ ತೆಗೆದು ಕಳಿಸಿದರು. ಹೆಪಾರಿನ್ ಇದ್ದರೆ ಪಿಸಿಆರ್ ಕುರುಡಾಗುತ್ತದೆ. ಆ ಪರೀಕ್ಷೆ ಮತ್ತೆ ಮತ್ತೆ ಹಾಳಾಯಿತು. ಆಗ ನಮ್ಮ ಮೇಲಧಿಕಾರಿಯಾಗಿದ್ದ ಡಾಕ್ಟರ್ ಪದ್ಮಾ ಒಂದು ನಿಯಮ ಮಾಡಿದರು. ಇನ್ನು ಮೇಲೆ ಡಯಾಲಿಸಿಸ್ ರೋಗಿಗಳ ವೈರಸ್ ಪರೀಕ್ಷೆಯ ರಕ್ತವನ್ನು ಆ ಕೋಣೆಯಲ್ಲಿ ತೆಗೆಯಕೂಡದು. ಡಯಾಲಿಸಿಸ್ ಇಲ್ಲದ ದಿನ ಅವರವರ ಊರಿನ ಹತ್ತಿರದ ಸಂಗ್ರಹ ಕೊಠಡಿಯಲ್ಲೇ ತೆಗೆಯಬೇಕು. ನಿಯಮ ಸರಿಯಾಗಿಯೇ ಇತ್ತು. ನಾನೂ ತಲೆಯಾಡಿಸಿದ್ದೆ.

ಆ ಡಯಾಲಿಸಿಸ್ ಕೋಣೆಯನ್ನು ನಡೆಸುತ್ತಿದ್ದವಳು ನಜ್ಮಾ. ಕುಷ್ಟಗಿಯ ಬಳೆಗಾರರ ಮನೆಯ ಹುಡುಗಿ. ನೋವಾಗದಂತೆ ಕೈ ಹಿಡಿಯುವುದು ಅವಳಿಗೆ ಮನೆಯಿಂದಲೇ ಬಂದ ವಿದ್ಯೆ. ಅಳತೆ ಮೀರಿ ನೀರು ಕುಡಿದು ತೂಕ ಏರಿಸಿಕೊಂಡು ಬರುವ ರೋಗಿಗಳನ್ನು ಮುಲಾಜಿಲ್ಲದೆ ಬೈಯುತ್ತಿದ್ದಳು. “ನಿನ್ನೆ ಎಷ್ಟು ನೀರು ಕುಡದೀರಿ? ಸುಳ್ಳು ಹೇಳಬ್ಯಾಡ್ರಿ, ತಕ್ಕಡಿ ಹೇಳ್ತೈತಿ” ಎಂದು ಅವಳು ಗದರಿದರೆ ದೊಡ್ಡ ದೊಡ್ಡ ಮೀಸೆಯವರೂ ತಲೆ ತಗ್ಗಿಸುತ್ತಿದ್ದರು. ವಾರಕ್ಕೆ ಮೂರು ಸಲ ಬಂದು ಹೋಗುವ ಅಷ್ಟೂ ಜನರ ಮುಖ, ಮನೆ, ಮಕ್ಕಳು ಅವಳಿಗೆ ಗೊತ್ತಿದ್ದವು.

ಅವಳ ರೋಗಿಗಳಲ್ಲಿ ದೇವಪ್ಪ ಒಬ್ಬ. ಬೇವೂರಿನಿಂದ ಆಚೆಗಿನ ಒಂದು ಹಳ್ಳಿಯವನು, ಕುರಿ ಕಾಯುವ ಮನೆತನ. ಮೂತ್ರಪಿಂಡ ಕೆಟ್ಟ ಮೇಲೆ ಕುರಿಯ ಹಿಂದೆ ಹೋಗುವುದನ್ನು ಬಿಟ್ಟಿದ್ದ. ಅವನ ಅಣ್ಣ ಬೀರಪ್ಪ ಅವನನ್ನು ಬಸ್ಸಿನಲ್ಲಿ ಕರೆತಂದು, ಹೊರಗೆ ಬೇವಿನ ಮರದ ಕೆಳಗೆ ಕಂಬಳಿ ಹಾಸಿ ಕೂತು, ಸಂಜೆ ಕರೆದುಕೊಂಡು ಹೋಗುತ್ತಿದ್ದ. ದೇವಪ್ಪ ಮೊದಲ ಸಲ ದಾಖಲಾದಾಗಲೇ ಅವನ ರಕ್ತದಲ್ಲಿ ಹೆಪಟೈಟಿಸ್ ಸಿ ಸಿಕ್ಕಿತ್ತು. ಈಗ ಅದಕ್ಕೆ ಒಳ್ಳೆಯ ಮಾತ್ರೆಗಳಿವೆ, ಮೂರು ತಿಂಗಳು ನುಂಗಿದರೆ ಹೆಚ್ಚಿನವರಿಗೆ ವಾಸಿಯಾಗುತ್ತದೆ. ದೇವಪ್ಪ ನುಂಗಿದ. ಕೊನೆಯ ಮಾತ್ರೆಯ ಹೊತ್ತಿಗೆ ಮಾಡಿದ ಪರೀಕ್ಷೆಯಲ್ಲಿ ವೈರಸ್ ಇರಲಿಲ್ಲ. ಇನ್ನು ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ನೋಡಿ, ಆಗಲೂ ಇಲ್ಲದಿದ್ದರೆ ಪೂರ್ತಿ ವಾಸಿ ಎಂದು ಬರೆಯುವುದು ಪದ್ಧತಿ. ಆ ಕೊನೆಯ ಪರೀಕ್ಷೆಯ ಹೊತ್ತಿಗೆ ಡಾಕ್ಟರ್ ಪದ್ಮಾ ಅವರ ಹೊಸ ನಿಯಮ ಬಂದಿತ್ತು. ರಕ್ತ ಅವನ ಊರಿಗೆ ಹತ್ತಿರದ ಯಲಬುರ್ಗಾದ ಕೊಠಡಿಯಿಂದ ಬಂತು.

ಅದರಲ್ಲಿ ವೈರಸ್ ತುಂಬಿತ್ತು. ಇನ್ನೊಮ್ಮೆ ತರಿಸಿದೆವು. ಮತ್ತೆ ಅಷ್ಟೇ.

ಹೀಗಾದಾಗ ಎರಡು ಸಾಧ್ಯತೆ. ಹಳೆಯ ವೈರಸ್ಸೇ ಎಲ್ಲೋ ಅಡಗಿದ್ದು ತಿರುಗಿ ಬಂದಿರಬೇಕು, ಇಲ್ಲವೇ ಹೊರಗಿನಿಂದ ಹೊಸದು ಅಂಟಿರಬೇಕು. ಡಯಾಲಿಸಿಸ್ ರೋಗಿಗೆ ಹೊಸದು ಅಂಟಿತು ಎಂದರೆ ಎಲ್ಲರ ಕಣ್ಣು ಹೋಗುವುದು ಒಂದೇ ಕಡೆ, ಡಯಾಲಿಸಿಸ್ ಕೋಣೆಗೆ. ಫ್ರೀಜರಿನಲ್ಲಿ ದೇವಪ್ಪನ ಚಿಕಿತ್ಸೆಗೆ ಮುಂಚಿನ ಸೀರಂ ಇತ್ತು. ಅದನ್ನೂ ಹೊಸದನ್ನೂ ದೊಡ್ಡ ಊರಿನ ಒಂದು ಪ್ರಯೋಗಾಲಯಕ್ಕೆ ಕಳಿಸಿ, ವೈರಸ್ಸಿನ ಜೀನುಗಳನ್ನು ಓದಿಸಿದೆವು. ಎರಡೂ ಒಂದೇ ಅಲ್ಲ ಎಂದು ವರದಿ ಬಂತು.

ಆಡಳಿತದವರಿಗೆ ಅಷ್ಟು ಸಾಕಾಯಿತು. ನಜ್ಮಾಳನ್ನು ಕರೆದು, ವಿಚಾರಣೆ ಮುಗಿಯುವ ತನಕ ಕೆಲಸಕ್ಕೆ ಬರಬೇಡ ಎಂದರು. ಒಬ್ಬರ ನಳಿಕೆಯನ್ನು ಇನ್ನೊಬ್ಬರಿಗೆ ಹಾಕಿದಳಂತೆ, ಕೈಗವಸು ಬದಲಿಸುವುದಿಲ್ಲವಂತೆ ಎಂದು ಅಂತೆಕಂತೆ ಹಬ್ಬಿತು. ಹೊಸ ರೋಗಿಗಳನ್ನು ತೆಗೆದುಕೊಳ್ಳುವುದು ನಿಂತಿತು. ತಪ್ಪು ಸಾಬೀತಾಗಿಬಿಟ್ಟರೆ ಅವಳನ್ನು ಮುಂದೆ ಯಾವ ಆಸ್ಪತ್ರೆಯೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅವಳು ನನ್ನ ಮೇಜಿನ ಹತ್ತಿರ ಬಂದು ನಿಂತಳು. ಅಳಲಿಲ್ಲ.

“ಅಕ್ಕಾ, ನಾನು ಹಂಗ ಮಾಡಿಲ್ಲ. ಆದ್ರ ಮಾಡಿಲ್ಲ ಅಂತ ಹೆಂಗ ತೋರಸ್ಲಿ? ಮಾಡಿದ್ದನ್ನ ತೋರಸಬಹುದು, ಮಾಡಲಾರದ್ದನ್ನ ಎಲ್ಲಿಂದ ತರ್ಲಿ?”

ಕೂತ್ಕೋ, ಚಹಾ ಕುಡಿ ಎಂದೆ. ಅವಳು ಕುಡಿಯಲಿಲ್ಲ.

ಇಲ್ಲಿ ಈ ವೈರಸ್ಸಿನ ಸ್ವಭಾವ ಹೇಳಬೇಕು. ಹೆಪಟೈಟಿಸ್ ಸಿ ಒಬ್ಬ ಮನುಷ್ಯನೊಳಗೆ ಹೊಕ್ಕರೆ ಒಂದೇ ವೈರಸ್ಸಾಗಿ ಉಳಿಯುವುದಿಲ್ಲ. ಅದು ತನ್ನ ನಕಲು ತಾನೇ ಮಾಡಿಕೊಳ್ಳುತ್ತಾ ಹೋಗುತ್ತದೆ, ಆದರೆ ಮಾಡಿದ ನಕಲನ್ನು ತಿದ್ದುವ ವ್ಯವಸ್ಥೆ ಅದಕ್ಕಿಲ್ಲ. ಪ್ರತಿ ನಕಲಿನಲ್ಲೂ ಅಲ್ಲೊಂದು ಇಲ್ಲೊಂದು ತಪ್ಪು. ತಪ್ಪಾದದ್ದರ ನಕಲಿನಲ್ಲಿ ಮತ್ತೊಂದು ತಪ್ಪು. ಮೈಯ ಕಾವಲುಪಡೆ ಗುರುತು ಹಿಡಿದವು ಸಾಯುತ್ತವೆ, ವೇಷ ಬದಲಿಸಿದವು ಉಳಿಯುತ್ತವೆ. ವರ್ಷಗಳು ಕಳೆದಂತೆ ಒಬ್ಬನ ರಕ್ತದಲ್ಲಿ ಇರುವುದು ಒಂದು ವೈರಸ್ಸಲ್ಲ, ಒಂದಕ್ಕೊಂದು ನಂಟಿರುವ ಸಾವಿರಾರು ಬಗೆಗಳ ಹಿಂಡು. ದೂರದಿಂದ ಕರಿ ಕುರಿಗಳ ಹಿಂಡು ನೋಡಿದರೆ ಎಲ್ಲ ಒಂದೇ ಕಾಣುತ್ತವೆ. ಹತ್ತಿರ ಹೋದರೆ ಒಂದರ ಹಣೆಯಲ್ಲಿ ಬಿಳಿ ಚುಕ್ಕೆ, ಇನ್ನೊಂದರ ಕಿವಿ ಮೊಂಡು. ಮೊದಲ ವರದಿಯಲ್ಲಿ ಪ್ರಯೋಗಾಲಯದವರು ಹಿಂಡಿನಲ್ಲಿ ಹೆಚ್ಚಾಗಿದ್ದ ಒಂದು ಬಗೆಯನ್ನು ಮಾತ್ರ ಓದಿದ್ದರು.

ಡಾಕ್ಟರ್ ಪದ್ಮಾ ವರದಿಯನ್ನು ಮತ್ತೆ ಮತ್ತೆ ತಿರುವಿ ಹಾಕಿ, “ಒಂದ ಕುರಿ ನೋಡಿ ಹಿಂಡಿನ ಲೆಕ್ಕ ಹೇಳ್ಯಾರ. ಇಡೀ ಹಿಂಡು ಓದ್ರಿ ಅಂತ ಕೇಳೂಣು” ಎಂದರು. ಡಯಾಲಿಸಿಸ್ ಕೋಣೆಯಲ್ಲಿ ಇದೇ ಸೋಂಕಿದ್ದ ಉಳಿದ ರೋಗಿಗಳ ಸೀರಂ ಕೂಡ ಜೊತೆಗೆ ಕಳಿಸಿದೆವು. ಆಡಳಿತದವರು ಗೊಣಗಿದರು. ಪದ್ಮಾ ಕಿವಿಗೆ ಹಾಕಿಕೊಳ್ಳಲಿಲ್ಲ. ವಾಮನರಾಯರಿಗೆ ಇದ್ದ ಸಿಟ್ಟು ಪದ್ಮಾ ಅವರಿಗೆ ಇರಲಿಲ್ಲ, ಆದರೆ ಹಟ ಅದೇ.

ಕೆಲವು ವಾರಗಳಾದ ಮೇಲೆ ಆ ಪ್ರಯೋಗಾಲಯದ ಸಂಶೋಧಕಿಯೊಬ್ಬಳು ಫೋನ್ ಮಾಡಿದಳು. ಎಳೆಯ ದನಿ. ಪದ್ಮಾ ಫೋನನ್ನು ಮೇಜಿನ ಮೇಲಿಟ್ಟು ನನಗೂ ಕೇಳಿಸಿದರು.

“ಮೇಡಂ, ಹೊಸ ಸ್ಯಾಂಪಲ್ಲಿನ ವೈರಸ್ ನಿಮ್ಮ ಡಯಾಲಿಸಿಸ್ ರೋಗಿಗಳು ಯಾರದ್ದಕ್ಕೂ ಹೊಂದುವುದಿಲ್ಲ. ದೇವಪ್ಪ ಅವರ ಹಳೆಯದಕ್ಕೆ ಮಾತ್ರ ದೂರದ ನಂಟಿದೆ. ಎರಡಕ್ಕೂ ಮೂಲ ಒಂದೇ ಇರಬೇಕು, ಆದರೆ ಬೇರೆಯಾಗಿ ಬಹಳ ವರ್ಷಗಳಾಗಿವೆ. ಇನ್ನೊಂದು ವಿಚಿತ್ರ ಅಂದರೆ, ಇದು ಹೊಸ ಸೋಂಕಿನ ಹಾಗೆ ಕಾಣುವುದೇ ಇಲ್ಲ. ಈಗ ತಾನೇ ಅಂಟಿದವರಲ್ಲಿ ಹೊಕ್ಕಿರುವುದು ಒಂದೋ ಎರಡೋ ಬಗೆ, ಹಾಗಾಗಿ ಎಲ್ಲ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಇದರಲ್ಲಿ ಬಗೆಬಗೆಯವು ತುಂಬಿವೆ. ಈ ವೈರಸ್ ಯಾರ ಮೈಯಲ್ಲಿದೆಯೋ ಅವರಲ್ಲಿ ಬಹಳ ಕಾಲದಿಂದ ಇದೆ.”

“ಆದ್ರ ಮಾತ್ರಿ ಮುಗಿದಾಗ ದೇವಪ್ಪನ ರಕ್ತದಾಗ ಏನೂ ಇರಲಿಲ್ಲಲ್ಲ” ಎಂದೆ ನಾನು.

ಅವಳು ಹಿಂಜರಿಯುತ್ತಾ, “ಇದು ದೇವಪ್ಪ ಅವರ ರಕ್ತವೇ ಅಂತ ಖಾತ್ರಿ ಇದೆಯಾ ಮೇಡಂ?” ಎಂದಳು.

ನಾನು ಮೊದಲು ನಮ್ಮ ಲ್ಯಾಬನ್ನು ಜಾಲಾಡಿದೆ. ಟ್ಯೂಬು ಅದಲುಬದಲಾಗಿರಲಿಲ್ಲ. ಒಮ್ಮೆ ಅದಲುಬದಲಾಗಬಹುದು, ಎರಡೂ ಸಲ ಅದೇ ಬೇರೆ ಮನುಷ್ಯನ ರಕ್ತ ಬರಬೇಕೆಂದರೆ ಹೇಗೆ? ಯಲಬುರ್ಗಾದಲ್ಲಿ ರಕ್ತ ತೆಗೆಯುವ ಮಂಜುನಾಥನಿಗೆ ಫೋನ್ ಮಾಡಿದರೆ ಅವನಿಗೆ ರೇಗಿತು. “ಚೀಟಿ ನೋಡೇನಿ, ನಂಬರ್ ನೋಡೇನಿ, ಬಂದ ಮನಷ್ಯಾಗ ಸೂಜಿ ಹಾಕೇನಿ. ಇನ್ನೇನ್ ಮಾಡ್ಲಿ ಅಕ್ಕಾರ?” ಎಂದ. ಅವನು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ.

ಪದ್ಮಾ ಯೋಚಿಸಿ ಹೇಳಿದರು: “ಮೂರನೇ ಸಲ ಕರಸೂಣು. ನೀವು ಯಲಬುರ್ಗಾಕ್ಕ ಹೋಗಿ ಕುಂದರ್ರಿ. ನಜ್ಮಾನ್ನೂ ಕರಕೊಂಡು ಹೋಗ್ರಿ. ನಾವ್ಯಾರೂ ದೇವಪ್ಪನ ಮುಖ ಸರಿಯಾಗಿ ನೋಡಿಲ್ಲ. ಆಕಿ ನೋಡ್ಯಾಳ.”

ಹಾಗೆ ಒಂದು ಬೆಳಿಗ್ಗೆ ನಾನು, ನಜ್ಮಾ ಯಲಬುರ್ಗಾದ ಸಂಗ್ರಹ ಕೊಠಡಿಯಲ್ಲಿ ಕೂತೆವು. ನಜ್ಮಾ ಒಳಗಿನ ಬೆಂಚಿನ ಮೇಲೆ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದಳು. ಇದು ಏನೂ ಹೇಳದಿದ್ದರೆ ಅವಳ ಕೆಲಸ ಹೋದ ಹಾಗೆಯೇ ಎಂದು ಇಬ್ಬರಿಗೂ ಗೊತ್ತಿತ್ತು. ಮಂಜುನಾಥ ಮುಖ ಊದಿಸಿಕೊಂಡು ಹತ್ತಿ ಉಂಡೆ ಮಾಡುತ್ತಿದ್ದ.

ಸರದಿಯಲ್ಲಿ ದೇವಪ್ಪನ ಚೀಟಿ ಬಂತು. ಚೀಟಿ ತಂದವನು ಎತ್ತರದ ಆಳು, ಹೆಗಲ ಮೇಲೆ ಕಂಬಳಿ. ಸ್ಟೂಲಿನ ಮೇಲೆ ಕೂತು, ಯಾರೂ ಹೇಳುವ ಮುಂಚೆಯೇ ಅಂಗಿಯ ತೋಳು ಮಡಚಿ ಎಡಗೈ ಮೇಜಿನ ಮೇಲೆ ಇಟ್ಟ. ಯಂತ್ರಕ್ಕೆ ರಕ್ತ ಜೋರಾಗಿ ಹರಿಯಲಿ ಎಂದು ಡಯಾಲಿಸಿಸ್ ರೋಗಿಯ ಒಂದು ತೋಳಲ್ಲಿ ಎರಡು ನರ ಜೋಡಿಸಿರುತ್ತಾರೆ. ಅದು ಹಗ್ಗದಂತೆ ಉಬ್ಬಿರುತ್ತದೆ, ಮುಟ್ಟಿದರೆ ಗುರ್‌ ಅನ್ನುತ್ತದೆ. ಎಡಗೈಯಲ್ಲಿ ಅದು ಇರಲಿಲ್ಲ, ಬಲಗಡೆ ಇದ್ದೀತು ಎಂದು ನಾನು ಅವನ ಬಲ ತೋಳನ್ನೂ ನೋಡಿದೆ. ಬಿಸಿಲಿಗೆ ಕಪ್ಪಾದ, ಗಟ್ಟಿ, ಒಂದು ಗಾಯದ ಗುರುತೂ ಇಲ್ಲದ ತೋಳು.

ನಜ್ಮಾ ಎದ್ದು ನಿಂತಿದ್ದಳು. “ಬೀರಣ್ಣಾ, ನೀವ್ಯಾಕ ಬಂದ್ರಿ? ದೇವಪ್ಪಣ್ಣ ಎಲ್ಲಿ?”

ಬೀರಪ್ಪ ಅವಳನ್ನು ನೋಡಿ ಖುಷಿಯಾದ. “ಅರೆ, ನಜಮವ್ವಾ! ಎಲ್ಲಿ ಹೋಗಿದ್ದಿ ಇಷ್ಟ ದಿನಾ? ತಮ್ಮ ಮನ್ಯಾಗ ಅದಾನ. ಇದಕ್ಕ ಯಾವಾಗ್ಲೂ ನಾನ ಬರ್ತೀನಲ್ಲ.”

“ಯಾವಾಗ್ಲೂ ಅಂದ್ರ?”

“ಹ್ವಾದ ಸಲ, ಅದರ ಹಿಂದಿನ ಸಲ. ರಕ್ತ ಕೊಡ್ಬೇಕು ಅಂತ ಚೀಟಿ ಬಂತು. ಅಂವನ ಮೈಯಾಗ ರಕ್ತ ಎಲ್ಲೈತವ್ವಾ ಕೊಡಾಕ? ಒಂದಿನ ಬಿಟ್ಟು ಒಂದಿನ ನೀವ ತಗದು ತೊಳೀತೀರಿ. ಸುಣ್ಣದಂಗ ಬೆಳ್ಳಗಾಗ್ಯಾನ. ನನ್ನ ಮೈಯಾಗ ಬೇಕಾದಷ್ಟೈತಿ. ಒಬ್ಬ ತಾಯಿ ಹೊಟ್ಟ್ಯಾಗ ಹುಟ್ಟೀವಿ, ಅಂವನ ರಕ್ತ ಬ್ಯಾರೆ ನನ್ನ ರಕ್ತ ಬ್ಯಾರೆ ಏನು? ತಗೋರಿ, ಎಷ್ಟ ಬೇಕು ತಗೋರಿ.”

ನಜ್ಮಾ ಬೆಂಚಿನ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅವಳ ಮೇಲಿನ ಆರೋಪ ಮುಗಿದಿತ್ತು. ನನಗೆ ಒಂದು ಕ್ಷಣ ಜೋರಾಗಿ ನಗಬೇಕೆನಿಸಿತು. ಆದರೆ ಅವನು ಇನ್ನೂ ತೋಳು ಚಾಚಿಕೊಂಡೇ ಕೂತಿದ್ದ, ಆ ರಕ್ತದಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ನಗು ಹೊಟ್ಟೆಯಲ್ಲೇ ಉಳಿಯಿತು. ಆ ದಿನ ಅವನ ರಕ್ತವನ್ನು ಅವನ ಹೆಸರಿನಲ್ಲೇ ತೆಗೆದೆವು. ಎರಡು ದಿನ ಬಿಟ್ಟು ಇಬ್ಬರೂ ಕೊಪ್ಪಳಕ್ಕೆ ಬನ್ನಿ ಎಂದು ಹೇಳಿ ಕಳಿಸಿದೆ.

ದೇವಪ್ಪ ಬಂದ ದಿನ ಯಂತ್ರಕ್ಕೆ ಹಾಕುವ ಮುಂಚೆ, ಹೆಪಾರಿನ್ ಮುಟ್ಟುವ ಮುಂಚೆ, ನಾನೇ ನಿಂತು ಅವನ ರಕ್ತ ತೆಗೆದೆ. ಸಂಜೆಯ ಹೊತ್ತಿಗೆ ಫಲಿತಾಂಶ ಬಂತು. ಸಾಮಾನ್ಯವಾಗಿ ರೋಗಿಗೆ ಹೇಳುವುದು ಡಾಕ್ಟರ ಕೆಲಸ. ಆ ದಿನ ಪದ್ಮಾ ನನ್ನನ್ನೂ ಕರೆದುಕೊಂಡು ಹೋದರು. ದೇವಪ್ಪ ಆಗಷ್ಟೇ ಯಂತ್ರದಿಂದ ಎದ್ದು ಮಂಚದ ಮೇಲೆ ಕೂತಿದ್ದ. ಬೀರಪ್ಪ ಅವನ ಚಪ್ಪಲಿ ಹುಡುಕುತ್ತಿದ್ದ.

“ದೇವಪ್ಪನ ರಕ್ತದಾಗ ವೈರಸ್ ಇಲ್ಲ. ಪೂರ್ತಿ ವಾಸಿ ಆಗೇತಿ” ಎಂದರು ಪದ್ಮಾ.

ಬೀರಪ್ಪ ಚಪ್ಪಲಿ ಕೈಯಲ್ಲೇ ಹಿಡಿದು ಎದ್ದು ನಿಂತ. “ಇಲ್ಲಾ? ಖರೇನ ಇಲ್ಲೇನ್ರಿ? ಮತ್ತ ತಿರುಗಿ ಬಂದೈತಿ ಅಂದಿದ್ರಿ?” ಎಂದು ನನ್ನನ್ನೂ ಪದ್ಮಾ ಅವರನ್ನೂ ಸರದಿಯಂತೆ ನೋಡಿದ. ಇಲ್ಲ ಎಂದು ನಾನೂ ಹೇಳಿದೆ. ಅವನು ಅಷ್ಟು ದೊಡ್ಡ ಆಳು, ಚಪ್ಪಲಿ ಸಮೇತ ಕೈ ಮುಗಿದ.

“ಬೀರಪ್ಪ, ಅದು ನಿಮ್ಮ ರಕ್ತದಾಗ ಐತಿ” ಎಂದರು ಪದ್ಮಾ.

“ಇರ್ಲಿ ಬಿಡ್ರಿ” ಎಂದ ಅವನು. “ಅಂವಗ ಇಲ್ಲಲ್ಲ, ಸಾಕು.”

ಅವನಿಗೆ ಅರ್ಥವಾಗಿಲ್ಲ ಎಂದು ನಾವಿಬ್ಬರೂ ಅಂದುಕೊಂಡೆವು. ಅರ್ಥವಾದದ್ದು ದೇವಪ್ಪನಿಗೆ. ಅವನ ಮುಖ ಇನ್ನಷ್ಟು ಬಿಳಿಚಿತು. “ನಿನಗ ಯಾರ ಹೇಳಿದ್ರು ಹೋಗಾಕ? ನನ್ನ ರಕ್ತ ನಾ ಕೊಡ್ತಿದ್ನೆಲ್ಲ. ಯಾರ ಹೇಳಿದ್ರು ನಿನಗ?” ಎಂದು ಅಣ್ಣನ ಮೇಲೆ ಹರಿಹಾಯ್ದ. ಬೈಯುತ್ತಾ ಬೈಯುತ್ತಾ ದನಿ ಒಡೆಯಿತು. ನನಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷದ ಕೆಲಸದಲ್ಲಿ ಒಂದು ಫಲಿತಾಂಶಕ್ಕೆ ನಾನು ಅತ್ತದ್ದು ಅದೊಂದೇ ಸಲ.

ಕುರಿಗಾರರಿಗೆ ವೈರಸ್ಸಿನ ವಿಷಯ ಹೇಳುವುದು ಕಷ್ಟವಾಗಲಿಲ್ಲ. ನಿಮ್ಮಿಬ್ಬರ ಮೈಗೂ ಎಂದೋ ಒಂದೇ ಕಡೆಯಿಂದ ಒಂದೇ ಹಿಂಡಿನ ಮರಿಗಳು ಹೊಕ್ಕಿವೆ, ಆಮೇಲೆ ಎರಡು ದೊಡ್ಡಿಯಲ್ಲಿ ಬೇರೆ ಬೇರೆ ಬೆಳೆದು ಬೇರೆ ಬೇರೆ ಹಿಂಡಾಗಿವೆ ಎಂದೆ. ಬೀರಪ್ಪ ಸ್ವಲ್ಪ ಯೋಚಿಸಿದ. “ಸಣ್ಣವರಿದ್ದಾಗ ಸೈಕಲ್ ಮ್ಯಾಲ ಒಬ್ಬ ಸೂಜಿ ಹಾಕಾಂವ ಬರ್ತಿದ್ದ. ಜ್ವರ ಬಂದ್ರ ಅವ್ವ ಇಬ್ಬರ್ನೂ ಸಾಲಿಗೆ ನಿಲ್ಲಸ್ತಿದ್ಲು. ಮೊದಲ ನನಗ, ಆಮ್ಯಾಲ ಅಂವಗ. ಒಂದ ಸೂಜಿ” ಎಂದ. ಅದೇ ಮೂಲವೋ ಅಲ್ಲವೋ ಹೇಳಲು ಯಾವ ಯಂತ್ರವೂ ಇಲ್ಲ. ಆ ಊರಿನಲ್ಲಿ ಅವರ ವಯಸ್ಸಿನವರನ್ನು ಕರೆದು ಪರೀಕ್ಷೆ ಮಾಡಿದಾಗ ಇನ್ನೂ ಕೆಲವರಲ್ಲಿ ಸಿಕ್ಕಿತು. ಯಾರಿಗೂ ಗೊತ್ತೇ ಇರಲಿಲ್ಲ, ಬೀರಪ್ಪನಿಗೆ ಗೊತ್ತಿಲ್ಲದಿದ್ದ ಹಾಗೆಯೇ. ಅವನ ಲಿವರ್ ಇನ್ನೂ ಪೂರ್ತಿ ಕೆಟ್ಟಿರಲಿಲ್ಲ. ಇನ್ನು ಕೆಲವು ವರ್ಷ ಹೀಗೇ ಬಿಟ್ಟಿದ್ದರೆ ಕೆಡುತ್ತಿತ್ತು ಎಂದರು ಪದ್ಮಾ.

ನಜ್ಮಾ ಮಾರನೆಯ ವಾರ ಕೆಲಸಕ್ಕೆ ಬಂದಳು. ಆಡಳಿತದವರು ಕ್ಷಮೆ ಕೇಳಲಿಲ್ಲ. ಹಾಜರಾಗಿ ಎಂದು ಹೇಳಿ ಕಳಿಸಿದರು, ಅಷ್ಟೇ. ಅವಳು ಕೋಣೆಗೆ ಕಾಲಿಟ್ಟ ಕೂಡಲೇ ಗಂಗಾವತಿಯ ರೋಗಿಯೊಬ್ಬನನ್ನು ಹಿಡಿದು, ನಾನಿಲ್ಲದಾಗ ಎಷ್ಟು ಕಲ್ಲಂಗಡಿ ತಿಂದಿರಿ ಎಂದು ಜಗಳ ತೆಗೆದಳು. ಸಂಗ್ರಹ ಕೊಠಡಿಗಳಲ್ಲಿ ನಿಯಮ ಬದಲಾಯಿತು. ಚೀಟಿಗೆ ಫೋಟೋ ಬಂತು, ಹೆಸರನ್ನು ರೋಗಿಯ ಬಾಯಿಂದಲೇ ಹೇಳಿಸಬೇಕು ಎಂದಾಯಿತು. ಡಯಾಲಿಸಿಸ್ ರೋಗಿಯಾದರೆ ಮೊದಲು ನರ ಜೋಡಿಸಿದ ತೋಳು ನೋಡಬೇಕು. ಹೊಸದಾಗಿ ಬರುವವರು ಇದನ್ನು ಕಿರಿಕಿರಿ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ, ಆದರೆ ಬಿಡಬೇಡಿ. ನಮ್ಮ ಜನ ಸುಳ್ಳು ಹೇಳುವುದಕ್ಕೆ ಬೇರೆಯವರ ಹೆಸರಿನಲ್ಲಿ ರಕ್ತ ಕೊಡುವುದಿಲ್ಲ. ಪ್ರೀತಿಗೆ ಕೊಟ್ಟುಬಿಡುತ್ತಾರೆ, ಅದು ನಿಮ್ಮ ಯಂತ್ರಕ್ಕೆ ಗೊತ್ತಾಗುವುದಿಲ್ಲ.

ಬೀರಪ್ಪ ಮಾತ್ರೆ ನುಂಗಿದ, ಮೂರು ತಿಂಗಳು ಬಿಟ್ಟು ಕೊನೆಯ ಪರೀಕ್ಷೆಗೆ ಬಂದ. ಆ ರಕ್ತದಲ್ಲಿ ವೈರಸ್ ಸಿಗಲಿಲ್ಲ, ನಾನು ಸಹಿ ಹಾಕಿದ ಕೊನೆಯ ವರದಿಗಳಲ್ಲಿ ಅದೂ ಒಂದು. ಆದರೆ ನನಗೆ ವರದಿಗಿಂತ ಹೆಚ್ಚು ನೆನಪಿರುವುದು ಅವನು ರಕ್ತ ಕೊಟ್ಟ ಬೆಳಿಗ್ಗೆ. ತಮ್ಮನನ್ನು ಡಯಾಲಿಸಿಸ್‌ಗೆ ಕರೆತಂದಿದ್ದ. ನಾನೇ ತೆಗೀತೀನಿ ಎಂದು ನಜ್ಮಾ ಹಟ ಹಿಡಿದಳು. ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ತೋಳಿಗೆ ಪಟ್ಟಿ ಕಟ್ಟಿ, “ಹೆಸರು ಹೇಳ್ರಿ” ಎಂದಳು.

“ನಿನಗ ಗೊತ್ತಿಲ್ಲೇನವ್ವಾ?”

“ಗೊತ್ತೈತಿ. ಆದ್ರೂ ಹೇಳ್ರಿ.”

“ಬೀರಪ್ಪ” ಎಂದ ಅವನು. “ಈ ಸಲ ನನ್ನ ಸಲುವಾಗೇ ಬಂದೇನಿ.”

ಎಲ್ಲರೂ ನಕ್ಕೆವು. ಟ್ಯೂಬು ತುಂಬತೊಡಗಿತು. ಆಗ ನಾನು ತಿರುಗಿ ನೋಡಿದರೆ, ಪಕ್ಕದ ಮಂಚದ ಮೇಲೆ ಕೂತಿದ್ದ ದೇವಪ್ಪ ತನ್ನ ಒಳ್ಳೆಯ ತೋಳಿನ ಅಂಗಿಯನ್ನು ಮೆಲ್ಲಗೆ ಮೇಲಕ್ಕೆ ಮಡಚಿಕೊಂಡು, ಯಾರೂ ಕೇಳದೆಯೇ ಕೈ ಮುಂದೆ ಚಾಚಿದ್ದ.

“ಅಣ್ಣಂದು ಅಷ್ಟ ತಗೀಬ್ಯಾಡ್ರಿ. ಅರ್ಧ ನಂದು ತಗೋರಿ” ಎಂದ.